ನೀರು ಒಗ್ಗುವ ಮಕ್ಕಳು

ಅಂಗಿಯ ಕಾಲರಿಗೆ ಹೊಲಿದ ಚೀಟಿಯನ್ನು ಕತ್ತರಿಸಿ ತೆಗೆಯುವ ತನಕ ಬಟ್ಟೆ ತೊಡಲು ಒಪ್ಪದ ಮಕ್ಕಳಿದ್ದಾರೆ. ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಂಡು ಓಡುವವರಿದ್ದಾರೆ. ಇದಕ್ಕೆ ತದ್ವಿರುದ್ಧವಾಗಿ ಸೋಫಾದಿಂದ ಜಿಗಿದು, ಗೋಡೆಗೆ ಮೈ ಗುದ್ದಿ, ಗಿರಗಿರನೆ ಸುತ್ತಿ, ಸಾಲದೆಂಬಂತೆ ಮತ್ತೆ ಸುತ್ತುವವರೂ ಇದ್ದಾರೆ. ತರಗತಿಯಲ್ಲಿ ಕೂತ ಕಡೆ ಕೂರಲಾರದ, ಹೇಳಿದ ಮಾತು ಮುಗಿಯುವಷ್ಟರಲ್ಲಿ ಮನಸ್ಸು ಕಿಟಕಿಯಾಚೆ ಹೋಗಿರುವ ಮಕ್ಕಳೂ ಬಹಳ ಸಲ ಇದೇ ಗುಂಪಿನಲ್ಲಿ ಸಿಗುತ್ತಾರೆ. ಇವರಲ್ಲಿ ಹಲವರಿಗೆ ನೆಲದ ಮೇಲಿನ ಆಟಗಳು ಒಗ್ಗದಿದ್ದರೂ ನೀರು ಒಗ್ಗುತ್ತದೆ ಎಂಬುದನ್ನು ತಂದೆತಾಯಿಗಳು, ಥೆರಪಿಸ್ಟ್‌ಗಳು, ಈಜು ಕೋಚ್‌ಗಳು ಬಹುಕಾಲದಿಂದ ಗಮನಿಸಿದ್ದಾರೆ. ಯಾಕೆ ಒಗ್ಗುತ್ತದೆ, ಎಷ್ಟರಮಟ್ಟಿಗೆ ಒಗ್ಗುತ್ತದೆ, ಯಾವಾಗ ಒಗ್ಗುವುದಿಲ್ಲ ಎಂಬ ಪ್ರಶ್ನೆಗಳಿಗೆ ಭೌತಶಾಸ್ತ್ರವೂ ಶರೀರಶಾಸ್ತ್ರವೂ ಸೇರಿ ಉತ್ತರ ಕೊಡಬೇಕಾಗುತ್ತದೆ.

ಶಾಲೆಯ ಪಾಠದಲ್ಲಿ ಇಂದ್ರಿಯಗಳು ಐದು. ದೇಹಕ್ಕೆ ಅಷ್ಟು ಸಾಲದು. ಒಳಗಿವಿಯಲ್ಲಿರುವ ಮೂರು ಅರೆವರ್ತುಲ ನಾಳಗಳು ತಲೆ ಯಾವ ಕಡೆಗೆ, ಎಷ್ಟು ವೇಗವಾಗಿ ತಿರುಗಿತು ಎಂಬುದನ್ನು ಅಳೆಯುತ್ತವೆ. ಅವುಗಳ ಪಕ್ಕದ ಎರಡು ಪುಟ್ಟ ಚೀಲಗಳಲ್ಲಿರುವ ಸುಣ್ಣದ ಹರಳುಗಳು ನೆಟ್ಟಗೆ ನಿಂತಿದ್ದೇವೋ ವಾಲಿದ್ದೇವೋ ಎಂಬ ಸುದ್ದಿ ಕೊಡುತ್ತವೆ. ಸ್ನಾಯು, ಸ್ನಾಯುರಜ್ಜು ಮತ್ತು ಕೀಲುಗಳಲ್ಲಿ ಹುದುಗಿರುವ ಗ್ರಾಹಕಗಳು ಕೈಕಾಲು ಎಲ್ಲಿದೆ, ಎಷ್ಟು ಬಿಗಿಯಾಗಿದೆ ಎಂದು ಕ್ಷಣಕ್ಷಣಕ್ಕೂ ವರದಿ ಒಪ್ಪಿಸುತ್ತವೆ. ಕಣ್ಣು ಮುಚ್ಚಿಕೊಂಡೂ ಮೂಗಿನ ತುದಿಯನ್ನು ಬೆರಳಿನಿಂದ ಮುಟ್ಟಲು ಸಾಧ್ಯವಾಗುವುದು ಈ ವರದಿಯಿಂದಲೇ. ಈ ಎಲ್ಲ ಸುದ್ದಿಗಳಲ್ಲಿ ಯಾವುದಕ್ಕೆ ಕಿವಿಗೊಡಬೇಕು, ಯಾವುದನ್ನು ಬದಿಗೆ ಸರಿಸಬೇಕು ಎಂದು ಮಿದುಳು ತೀರ್ಮಾನಿಸುತ್ತದೆ. ಕೆಲವು ಮಕ್ಕಳಲ್ಲಿ ಈ ತೀರ್ಮಾನ ಹದ ತಪ್ಪುತ್ತದೆ: ಸಣ್ಣ ಸ್ಪರ್ಶವೂ ದೊಡ್ಡದಾಗಿ ಕೇಳಿಸುತ್ತದೆ, ಇಲ್ಲವೇ ದೊಡ್ಡದೂ ಸಾಕಾಗುವುದಿಲ್ಲ.

ಈ ವಿಚಾರವನ್ನು ಒಂದು ಸಿದ್ಧಾಂತವಾಗಿ ಕಟ್ಟಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. 1972ರಲ್ಲಿ ಬಂದ ಅವರ ಪುಸ್ತಕದ ನಂತರ ಉಯ್ಯಾಲೆ, ಉರುಳುವ ದಿಂಬು, ಭಾರ ಎತ್ತುವ ಆಟಗಳು ಥೆರಪಿ ಕೋಣೆಗಳಿಗೆ ಬಂದವು. ವೈದ್ಯಲೋಕ ಮಾತ್ರ ಇದನ್ನು ಪೂರ್ತಿಯಾಗಿ ಒಪ್ಪಿಲ್ಲ. ಸಂವೇದನಾ ಸಮಸ್ಯೆಯನ್ನು ಪ್ರತ್ಯೇಕ ಕಾಯಿಲೆಯೆಂದು ಹೆಸರಿಸಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ಮರುವರ್ಷ ಪ್ರಕಟವಾದ ಮನೋವೈದ್ಯಕೀಯ ಕೈಪಿಡಿ ಡಿಎಸ್ಎಂ-5 ಕೂಡ ಅದಕ್ಕೆ ಪ್ರತ್ಯೇಕ ಸ್ಥಾನ ಕೊಡಲಿಲ್ಲ. ಆದರೆ ಆಟಿಸಂನ ಲಕ್ಷಣಗಳ ಪಟ್ಟಿಯೊಳಗೆ ಸಂವೇದನೆಯ ಏರುಪೇರನ್ನು ಮೊದಲ ಬಾರಿಗೆ ಸೇರಿಸಿತು. ಹೆಸರಿನ ಜಗಳ ಏನೇ ಇರಲಿ, ಮಗುವಿನ ಕಷ್ಟ ನಿಜ. ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ ಎಡಿಎಚ್‌ಡಿ ಇರುವ ಮಕ್ಕಳಲ್ಲೂ, ಆಟಿಸಂ ಇರುವವರಲ್ಲೂ ಅದು ಸಾಮಾನ್ಯ.

ಇನ್ನು ನೀರು. ಗಾಳಿಗಿಂತ ಅದು ಸುಮಾರು 800 ಪಟ್ಟು ಸಾಂದ್ರ. ಇಷ್ಟು ಸಾಂದ್ರವಾದ ದ್ರವದೊಳಗೆ ಇಳಿದ ದೇಹದ ಮೇಲೆ ಒಟ್ಟಿಗೇ ಹಲವು ಬಲಗಳು ಕೆಲಸ ಮಾಡುತ್ತವೆ. ಮೊದಲನೆಯದು ಆರ್ಕಿಮಿಡೀಸನ ತೇಲುಬಲ. ಸೊಂಟಮಟ್ಟದ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕುತ್ತಿಗೆಮಟ್ಟಕ್ಕೆ ಇಳಿದರೆ ಹತ್ತನೇ ಒಂದು ಭಾಗದಷ್ಟು ಉಳಿಯುತ್ತದೆ. ನೆಲದ ಮೇಲೆ ಎಡವುವ, ಕುರ್ಚಿಯಲ್ಲಿ ನೆಟ್ಟಗೆ ಕೂರಲು ಪದೇಪದೇ ಸೆಣಸುವ ಮಗುವಿಗೆ ಗುರುತ್ವದ ಜೊತೆಗಿನ ಈ ಹೋರಾಟ ನೀರಿನಲ್ಲಿ ಬಹುಪಾಲು ನಿಲ್ಲುತ್ತದೆ. ಬಿದ್ದರೂ ಪೆಟ್ಟಾಗುವುದಿಲ್ಲ, ಬೀಳುವುದೂ ನಿಧಾನ.

ಎರಡನೆಯದು ಒತ್ತಡ. ಒಂದು ಮೀಟರ್ ಆಳದಲ್ಲಿ ನೀರಿನ ಒತ್ತಡ, ರಕ್ತದೊತ್ತಡ ಅಳೆಯುವ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 74 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಕಾಲಿನ ರಕ್ತನಾಳ ಉಬ್ಬಿದವರಿಗೆ ವೈದ್ಯರು ಬರೆದುಕೊಡುವ ಬಿಗಿ ಕಾಲುಚೀಲ ಒತ್ತುವುದು 20ರಿಂದ 30 ಮಾತ್ರ. ಕುತ್ತಿಗೆಯವರೆಗೆ ಮುಳುಗಿದ ವಯಸ್ಕರ ದೇಹದಲ್ಲಿ ಕೈಕಾಲುಗಳಿಂದ ಎದೆಗೂಡಿನ ಕಡೆಗೆ ಸುಮಾರು 700 ಮಿಲಿಲೀಟರ್ ರಕ್ತ ಸರಿಯುತ್ತದೆ. ಇದರಿಂದಲೇ ಈಜಿನ ಪ್ರಚಾರಪತ್ರಗಳಲ್ಲಿ ಒಂದು ವಿವರಣೆ ಜನಪ್ರಿಯವಾಗಿದೆ: ನೀರು ಮಗುವನ್ನು ನಾಲ್ಕೂ ಕಡೆಯಿಂದ ಅಪ್ಪಿ ಹಿಡಿಯುತ್ತದೆ, ಆ ಅಪ್ಪುಗೆಯೇ ಮದ್ದು. ಗಾಢ ಒತ್ತಡ ಕೆಲವರನ್ನು ಶಾಂತಗೊಳಿಸುತ್ತದೆ ಎಂಬ ಮಾತಿಗೆ ಆಧಾರವಿದೆ. ಆಟಿಸಂ ಇರುವ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಹರೆಯದಲ್ಲಿ ತಮ್ಮ ಚಿಕ್ಕಮ್ಮನ ಜಾನುವಾರು ಫಾರ್ಮಿನಲ್ಲಿ ದನಗಳನ್ನು ಲಸಿಕೆಗಾಗಿ ಅದುಮಿ ಹಿಡಿಯುವ ಚೌಕಟ್ಟನ್ನು ಕಂಡು, ತಮಗಾಗಿ ಅಂಥದ್ದೇ ಒಂದು ಯಂತ್ರ ಮಾಡಿಕೊಂಡರು. ಅದರ ಬಗ್ಗೆ 1992ರಲ್ಲಿ ವೈಜ್ಞಾನಿಕ ಲೇಖನವನ್ನೂ ಬರೆದರು.

ಆದರೆ ನೀರಿನ ಒತ್ತಡ ಆ ಯಂತ್ರದ ಒತ್ತಡದಂಥದ್ದಲ್ಲ. 19ನೇ ಶತಮಾನದಲ್ಲೇ ಜರ್ಮನಿಯ ಗೆಯೋರ್ಗ್ ಮೈಸ್ನರ್, ಚರ್ಮದ ಸ್ಪರ್ಶಗ್ರಾಹಕವೊಂದಕ್ಕೆ ಇವತ್ತಿಗೂ ಯಾರ ಹೆಸರಿದೆಯೋ ಅವರು, ಒಂದು ಸರಳ ಸಂಗತಿಯನ್ನು ತೋರಿಸಿದ್ದರು. ಪಾದರಸದೊಳಗೆ ಬೆರಳು ಅದ್ದಿದರೆ ಒತ್ತುವ ಅನುಭವ ಆಗುವುದು ದ್ರವದ ಮೇಲ್ಮೈ ಬೆರಳನ್ನು ಸುತ್ತುವರಿದ ಗೆರೆಯಲ್ಲಿ ಮಾತ್ರ. ಅದರ ಕೆಳಗೆ ಒತ್ತಡ ಹೆಚ್ಚಿದ್ದರೂ ಅದು ಎಲ್ಲ ಕಡೆ ಸಮನಾಗಿರುವುದರಿಂದ ಚರ್ಮ ಬಾಗುವುದಿಲ್ಲ. ಚರ್ಮ ಬಾಗದಿದ್ದರೆ ಗ್ರಾಹಕಗಳಿಗೆ ಸುದ್ದಿಯೇ ಇಲ್ಲ. ಕೊಳದಲ್ಲಿ ಅಲುಗಾಡದೆ ನಿಂತವರಿಗೂ ಸ್ವಲ್ಪ ಹೊತ್ತಿನಲ್ಲಿ ನೀರು ಮೈಗೆ ತಾಗಿದೆ ಎಂಬುದೇ ಮರೆಯುವುದು ಹೀಗೆ. ಆದ್ದರಿಂದ ಅಪ್ಪುಗೆಯ ವಿವರಣೆ ಚೆಲುವಾಗಿದ್ದರೂ ಅರ್ಧ ಮಾತ್ರ ನಿಜ. ಎದೆಯ ಮೇಲಿನ ಒತ್ತಡ ಉಸಿರಾಟದ ಸ್ನಾಯುಗಳಿಗೆ ಕೆಲಸ ಕೊಡುವುದರಿಂದ ಅಲ್ಲಿ ಅದು ತಿಳಿಯುತ್ತದೆ; ಉಳಿದೆಡೆ ನೀರಿನ ಇರವು ತಿಳಿಯುವುದು ದೇಹ ಚಲಿಸಿದಾಗ.

ಹಾಗಾಗಿ ಹೆಚ್ಚು ತೂಕ ಕೊಡಬೇಕಾದದ್ದು ಮೂರನೆಯ ಬಲಕ್ಕೆ, ಅಂದರೆ ನೀರಿನ ಪ್ರತಿರೋಧಕ್ಕೆ. ಕೈಯನ್ನು ಎರಡು ಪಟ್ಟು ವೇಗವಾಗಿ ಎಳೆದರೆ ನೀರು ನಾಲ್ಕು ಪಟ್ಟು ಬಲವಾಗಿ ಎದುರೊಡ್ಡುತ್ತದೆ. ಗಾಳಿಯಲ್ಲಿ ಕೈ ಬೀಸಿದರೆ ಸ್ನಾಯುಗಳಿಗೆ ಹೆಚ್ಚೇನೂ ತಿಳಿಯುವುದಿಲ್ಲ. ನೀರಿನಲ್ಲಿ ಅದೇ ಚಲನೆಗೆ ಹೆಗಲಿನಿಂದ ಬೆರಳ ತುದಿಯವರೆಗೆ ಪ್ರತಿಯೊಂದು ಕೀಲೂ ಸ್ನಾಯುವೂ ವರದಿ ಕಳಿಸುತ್ತದೆ. ತನ್ನ ಕೈಕಾಲು ಎಲ್ಲಿದೆ ಎಂಬ ಸುದ್ದಿ ಮಸುಕಾಗಿ ತಲುಪುವ ಮಗುವಿಗೆ ಇದು ಗಟ್ಟಿಯಾಗಿ, ಬಿಡದೆ ಕೇಳಿಸುವ ಸುದ್ದಿ. ಗೋಡೆಗೆ ಗುದ್ದಿಕೊಂಡು, ಜಿಗಿದು ಹುಡುಕುತ್ತಿದ್ದದ್ದು ಇಲ್ಲಿ ಪೆಟ್ಟಿಲ್ಲದೆ ಸಿಗುತ್ತದೆ. ಸುಲಭವಾಗಿ ಬೆದರುವ ಮಗುವಿಗೂ ಇದರಲ್ಲಿ ಅನುಕೂಲವಿದೆ: ನೀರು ತಾನಾಗಿ ಬಂದು ಹೊಡೆಯುವುದಿಲ್ಲ, ಮಗು ಎಷ್ಟು ತಳ್ಳಿತೋ ಅಷ್ಟೇ ತಿರುಗಿ ತಳ್ಳುತ್ತದೆ. ಸಂವೇದನೆಯ ಪ್ರಮಾಣ ಮಗುವಿನ ಹಿಡಿತದಲ್ಲಿದೆ. ಬಸ್ ನಿಲ್ದಾಣದಲ್ಲೋ ಮದುವೆ ಮನೆಯಲ್ಲೋ ಈ ಹಿಡಿತ ಅದಕ್ಕೆ ಎಂದೂ ಸಿಗದು.

ಒಳಗಿವಿಯ ವ್ಯವಸ್ಥೆಗೂ ಈಜು ಬೇರೆ ಬಗೆಯ ಕೆಲಸ ಕೊಡುತ್ತದೆ. ದಿನವಿಡೀ ಲಂಬವಾಗಿರುವ ತಲೆ ಇಲ್ಲಿ ಅಡ್ಡವಾಗುತ್ತದೆ. ಫ್ರೀಸ್ಟೈಲ್‌ನಲ್ಲಿ ಉಸಿರು ತೆಗೆಯಲು ಪ್ರತಿ ಎರಡು ಮೂರು ಬೀಸಿಗೊಮ್ಮೆ ಪಕ್ಕಕ್ಕೆ ಹೊರಳುತ್ತದೆ. ಚಲನೆಗಾಗಿ ಹಸಿದ ಮಗು ಇದನ್ನು ಆನಂದಿಸುತ್ತದೆ. ಆದರೆ ತಲೆ ಹಿಂದಕ್ಕೆ ಬಾಗಿದರೆ ಪ್ರಪಂಚವೇ ಜಾರಿದಂತೆ ಗಾಬರಿಗೊಳ್ಳುವ ಮಕ್ಕಳೂ ಇದ್ದಾರೆ. ತಲೆಗೆ ಸ್ನಾನ ಮಾಡಿಸುವಾಗ ಚೀರುವುದು ಅದರ ಒಂದು ಸೂಚನೆ. ಅಂಥವರನ್ನು ಮೊದಲ ದಿನವೇ ಅಂಗಾತ ತೇಲಿಸಲು ಹೋಗುವುದು ತಪ್ಪು. ಇನ್ನು ಕೆಲವರಿಗೆ ಅಂಗಾತ ಸುಲಭ, ಮುಖ ಮುಳುಗಿಸುವುದೇ ಕಷ್ಟ. ಯಾವುದು ಮೊದಲು ಎಂಬುದನ್ನು ಪಠ್ಯಕ್ರಮ ತೀರ್ಮಾನಿಸದೆ ಮಗುವೇ ತೀರ್ಮಾನಿಸಬೇಕು.

ಶಬ್ದದ ವಿಷಯವೂ ಇದೆ. ಗಾಳಿಯಲ್ಲಿ ಬರುವ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ನೀರಿನೊಳಗೆ ದಾಟುತ್ತದೆ. ಉಳಿದದ್ದು ಮೇಲ್ಮೈಗೆ ಬಡಿದು ಹಿಂದಿರುಗುತ್ತದೆ. ತಲೆ ಮುಳುಗಿಸಿದ ಕೂಡಲೇ ದಡದ ಗದ್ದಲ ಮಾಯವಾಗುವುದು ಇದರಿಂದಲೇ. ಮತ್ತೆಮತ್ತೆ ಮುಳುಗಿ ಒಳಗೇ ಉಳಿಯುವ ಮಗು ಹಟ ಮಾಡುತ್ತಿದೆ ಎನ್ನುವುದಕ್ಕಿಂತ ಮೌನ ಹುಡುಕುತ್ತಿದೆ ಎಂದು ತಿಳಿಯುವುದೇ ಹೆಚ್ಚು ಸರಿ.

ಗಮನದ ಸಮಸ್ಯೆ ಇರುವ ಮಗುವಿಗೆ ಈಜು ಹೊಂದುವುದಕ್ಕೆ ಕಾರಣ ಬೇರೆಯೇ. ಎಡಿಎಚ್‌ಡಿ ಇರುವ ಮಗುವಿಗೆ ಗಮನವೇ ಇಲ್ಲ ಎನ್ನುವುದು ಸರಿಯಲ್ಲ. ಬೇಕಾದ ಕಡೆ, ಬೇಕಾದಷ್ಟು ಹೊತ್ತು ಅದನ್ನು ನಿಲ್ಲಿಸುವುದು ಕಷ್ಟ. ಪ್ರತಿಫಲ ತಡವಾದರೆ, ಕಾಯಬೇಕಾಗಿ ಬಂದರೆ, ಸೂಚನೆಗಳು ಒಂದರ ಮೇಲೊಂದು ಬಂದರೆ ಆ ಕಷ್ಟ ಹೆಚ್ಚುತ್ತದೆ. ಕ್ರಿಕೆಟ್ಟಿನಲ್ಲಿ ಬೌಂಡರಿ ಗೆರೆಯ ಬಳಿ ನಿಂತ ಹುಡುಗನಿಗೆ ಅರ್ಧ ಗಂಟೆಯಲ್ಲಿ ಚೆಂಡು ಒಂದೇ ಸಲ ಬರಬಹುದು, ಅದೂ ಅವನು ಚಿಟ್ಟೆ ನೋಡುತ್ತಿರುವಾಗ. ಲೇನಿನಲ್ಲಿ ಈಜುವವನಿಗೆ ಕಾಯುವಿಕೆಯಿಲ್ಲ. ಕೆಳಗೆ ಕಪ್ಪು ಗೆರೆ, ಎರಡೂ ಪಕ್ಕ ಹಗ್ಗ, ಎದುರಿಗೆ ಗೋಡೆ. ಮಾಡಬೇಕಾದ ಕೆಲಸ ಒಂದೇ, ಅದು ಎಲ್ಲಿ ಮುಗಿಯುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ತಪ್ಪು ಮಾಡಿದರೆ ಬೈಯಲು ಯಾರೂ ಬರಬೇಕಿಲ್ಲ; ಉಸಿರಿನ ಲಯ ತಪ್ಪಿದ ಕ್ಷಣ ಮೂಗಿಗೆ ನೀರು ಹೋಗಿ ತಿಳಿಸುತ್ತದೆ. ತಂಡದ ಆಟದಲ್ಲಿ ಬೇಕಾಗುವ ಮುಖಭಾವ ಓದುವ ಜಾಣ್ಮೆ, ಪಾಸ್ ಯಾರಿಗೆ ಕೊಡಬೇಕೆಂಬ ಕ್ಷಣದ ಲೆಕ್ಕಾಚಾರ ಇಲ್ಲಿ ಬೇಡ. ಹಾಗಿದ್ದೂ ಪಕ್ಕದ ಲೇನಿನಲ್ಲಿ ಗೆಳೆಯರಿರುತ್ತಾರೆ. ಒಂಟಿಯಾಗಿಯೂ ಗುಂಪಿನಲ್ಲಿಯೂ ಇರಲು ಅವಕಾಶ ಕೊಡುವ ಆಟಗಳು ಹೆಚ್ಚಿಲ್ಲ.

ಈ ವಿಷಯ ಬಂದಾಗಲೆಲ್ಲ ಕೇಳಿಬರುವ ಹೆಸರು ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್. ಬಾಲ್ಟಿಮೋರ್‌ನ ಈ ಹುಡುಗನಿಗೆ ಎಡಿಎಚ್‌ಡಿ ಇದೆ ಎಂದು 9ನೇ ವಯಸ್ಸಿನಲ್ಲಿ ತಿಳಿಯಿತು. ಅಕ್ಕಂದಿರಿಬ್ಬರೂ ಈಜುಗಾರ್ತಿಯರಾಗಿದ್ದರಿಂದ ಅವನು 7ರ ವಯಸ್ಸಿಗೇ ಕೊಳಕ್ಕೆ ಇಳಿದಿದ್ದ. ಮುಖ ನೀರಿಗೆ ತಾಗುವುದೇ ಆಗುತ್ತಿರಲಿಲ್ಲ. ಹೀಗಾಗಿ ಕಲಿಸುವವರು ಅಂಗಾತ ತೇಲಲು ಬಿಟ್ಟರು, ಅವನು ಮೊದಲು ಕಲಿತದ್ದು ಬ್ಯಾಕ್‌ಸ್ಟ್ರೋಕ್. ಮುಂದೆ ಕೋಚ್ ಬಾಬ್ ಬೌಮನ್ ಅವನಿಗೆ ದಿನಚರಿಯನ್ನೂ, ಸ್ಪರ್ಧೆಯನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಈಜಿ ನೋಡುವ ಅಭ್ಯಾಸವನ್ನೂ ಕಲಿಸಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಗಾಗಲ್ಸ್ ಒಳಗೆ ನೀರು ತುಂಬಿ ಗೋಡೆ ಕಾಣದಾದಾಗ ಫೆಲ್ಪ್ಸ್ ಕೈಬೀಸುಗಳನ್ನು ಎಣಿಸುತ್ತ ಈಜಿ, 1 ನಿಮಿಷ 52.03 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದರು. ಅವರ ಒಟ್ಟು ಒಲಿಂಪಿಕ್ ಪದಕಗಳು 28, ಅದರಲ್ಲಿ ಚಿನ್ನ 23. ಭಾರತದಲ್ಲಿ ಮುಂಬೈಯ ಜಿಯಾ ರೈ, ಆಟಿಸಂ ಇರುವ ಹುಡುಗಿ, 2022ರಲ್ಲಿ ಶ್ರೀಲಂಕಾದ ತಲೈಮನ್ನಾರ್‌ನಿಂದ ತಮಿಳುನಾಡಿನ ಧನುಷ್ಕೋಡಿಯ ಕಡೆಗೆ ಪಾಕ್ ಜಲಸಂಧಿಯನ್ನು, 2024ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ್ದಾಳೆ. ಇವು ಸ್ಫೂರ್ತಿಯ ಕಥೆಗಳು, ಪುರಾವೆಯಲ್ಲ. ಪದಕದ ಆಸೆ ಹೊತ್ತು ಇಂಥ ಮಗುವನ್ನು ಕೊಳಕ್ಕೆ ತಳ್ಳಿದರೆ ಕೊಳವೂ ಇನ್ನೊಂದು ತರಗತಿಯಾಗುತ್ತದೆ.

ಪುರಾವೆ ಎಷ್ಟಿದೆ? ತೈವಾನಿನಲ್ಲಿ ಪ್ಯಾನ್ ಚಿಯೆನ್-ಯು ಆಟಿಸಂ ಇರುವ 16 ಹುಡುಗರಿಗೆ 10 ವಾರಗಳ ಈಜು ಕಾರ್ಯಕ್ರಮ ನಡೆಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿನ ಕೌಶಲದ ಜೊತೆಗೆ ಸಾಮಾಜಿಕ ನಡವಳಿಕೆಯಲ್ಲೂ ಸುಧಾರಣೆ ಕಂಡಿತ್ತು. ಎಡಿಎಚ್‌ಡಿ ಇರುವ 30 ಮಕ್ಕಳ ಮೇಲೆ ಅಲ್ಲಿಯೇ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8 ವಾರಗಳ ನೀರಿನ ವ್ಯಾಯಾಮದ ನಂತರ ಮಕ್ಕಳು, ಕೈ ಮುಂದೆ ಹೋಗುವಷ್ಟರಲ್ಲಿ ಅದನ್ನು ತಡೆದುಕೊಳ್ಳಬೇಕಾದ ಪರೀಕ್ಷೆಯಲ್ಲಿ ಉತ್ತಮಗೊಂಡಿದ್ದರು. ಫಲಿತಾಂಶ ಒಳ್ಳೆಯದೇ, ಆದರೆ ಸಂಖ್ಯೆಗಳು ಸಣ್ಣವು. ಯಾವ ಮಗು ಈಜುತ್ತಿದೆ ಎಂಬುದನ್ನು ಮಗುವಿನಿಂದಾಗಲಿ ಪೋಷಕರಿಂದಾಗಲಿ ಮುಚ್ಚಿಡಲು ಸಾಧ್ಯವಿಲ್ಲದ್ದರಿಂದ ನಿರೀಕ್ಷೆಯೇ ಫಲಿತಾಂಶವನ್ನು ತಿರುಚುವ ಸಾಧ್ಯತೆ ಉಳಿಯುತ್ತದೆ. ವ್ಯಾಯಾಮ ಯಾವುದೇ ಇರಲಿ, ಅದಾದ ಸ್ವಲ್ಪ ಹೊತ್ತು ಗಮನ ಸುಧಾರಿಸುತ್ತದೆ ಎಂಬುದಕ್ಕೆ ಆಧಾರ ಹೆಚ್ಚು ಗಟ್ಟಿ. ಡೋಪಮೈನ್ ಮತ್ತು ನಾರ್‌ಅಡ್ರಿನಾಲಿನ್ ಹೆಚ್ಚುವುದು ಅದಕ್ಕೆ ಒಂದು ಕಾರಣವಿರಬಹುದು, ಎಡಿಎಚ್‌ಡಿಯ ಔಷಧಿಗಳೂ ಅದೇ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತವೆ. ಹಾಗೆಂದು ಈಜು ಆ ಔಷಧಿಗೆ ಬದಲಿಯಲ್ಲ. ವೈದ್ಯರು ಕೊಟ್ಟದ್ದನ್ನು ಈಜು ಶುರುವಾಯಿತೆಂದು ನಿಲ್ಲಿಸಬಾರದು.

ಇಷ್ಟಾದ ಮೇಲೆ ಒಂದು ತೊಡಕನ್ನು ಹೇಳಲೇಬೇಕು. ನೀರು ಒಗ್ಗುವ ಮಗುವಿಗೆ ಈಜುಕೊಳ ಒಗ್ಗದೆ ಹೋಗಬಹುದು. ಟೈಲ್ಸ್ ಹಾಕಿದ ಒಳಾಂಗಣ ಕೊಳದಲ್ಲಿ ಪ್ರತಿಯೊಂದು ಕೂಗೂ ಸೀಟಿಯೂ ಮಾರ್ದನಿಗೊಳ್ಳುತ್ತದೆ. ಮೂಗಿಗೆ ಹೊಡೆಯುವ ವಾಸನೆ ಬರಿಯ ಕ್ಲೋರಿನ್ನಿನದಲ್ಲ. ಬೆವರು ಮತ್ತು ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ಗಳದು, ಅಂದರೆ ವಾಸನೆ ಜೋರಾದಷ್ಟೂ ಕೊಳ ಕೊಳಕು. ಬಿಗಿ ಕ್ಯಾಪು, ಹಣೆ ಒತ್ತುವ ಗಾಗಲ್ಸ್, ಒದ್ದೆ ನೆಲ, ತಣ್ಣೀರಿನ ಶವರ್, ನೂಕುನುಗ್ಗಲಿನ ಬಟ್ಟೆ ಬದಲಿಸುವ ಕೋಣೆ ಇವೆಲ್ಲ ನೀರಿಗಿಳಿಯುವ ಮೊದಲೇ ಮಗುವಿನ ತಾಳ್ಮೆಯನ್ನು ಮುಗಿಸಿಬಿಡುತ್ತವೆ. ತಾಪಮಾನವೂ ಸಣ್ಣ ಮಾತಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಮೈಹರವು ಹೆಚ್ಚು, ಆದ್ದರಿಂದ ಅವರು ಬೇಗ ತಣ್ಣಗಾಗುತ್ತಾರೆ. ಸ್ಪರ್ಧೆಯ ಕೊಳಗಳು 25ರಿಂದ 28 ಡಿಗ್ರಿ ಇರುತ್ತವೆ, ಥೆರಪಿ ಕೊಳಗಳು 33ರ ಆಸುಪಾಸು. ಡಿಸೆಂಬರಿನ ಮುಂಜಾನೆ ಬೆಂಗಳೂರಿನ ಬಯಲು ಕೊಳದಲ್ಲಿ ನಡುಗುತ್ತ ನಿಂತ ಮಗುವಿಗೆ ಯಾವ ಥೆರಪಿಯೂ ತಾಗುವುದಿಲ್ಲ.

ಕರ್ನಾಟಕದ ಊರುಗಳಲ್ಲಿ ಮಕ್ಕಳು ಈಜಿಗೆ ಸೇರುವುದು ಹೆಚ್ಚಾಗಿ ಏಪ್ರಿಲ್-ಮೇ ತಿಂಗಳ ಬೇಸಿಗೆ ಶಿಬಿರಕ್ಕೆ. ಸಂವೇದನೆಯ ಕಷ್ಟವಿರುವ ಮಗುವಿಗೆ ಅದಕ್ಕಿಂತ ಕೆಟ್ಟ ಕಾಲವಿಲ್ಲ. ಕೊಳದ ತುಂಬ ಮಕ್ಕಳು, ದಡದಲ್ಲಿ ಸರದಿ ಕಾಯುವ ಸಾಲು, ಹತ್ತಿಪ್ಪತ್ತು ಮಕ್ಕಳಿಗೆ ಒಬ್ಬ ಕೋಚ್. ಜೂನ್-ಜುಲೈನಲ್ಲಿ ಅದೇ ಕೊಳದ ಮಧ್ಯಾಹ್ನ ಖಾಲಿ ಇರುತ್ತದೆ. ಮಳೆಯಿಲ್ಲದ ದಿನ ನೋಡಿ, ನೀರಿಗಿಳಿಯದೆ ದಡದಲ್ಲಿ ಕಾಲು ಇಳಿಬಿಟ್ಟು ಕೂತು ಬರುವುದರಿಂದ ಶುರು ಮಾಡಬಹುದು. ಕ್ಯಾಪನ್ನು ಮನೆಯ ಬಚ್ಚಲಲ್ಲೇ ಹಾಕಿ ರೂಢಿ ಮಾಡಿಸಬಹುದು. ಮೈಗೆ ಅಂಟುವ ಉದ್ದ ತೋಳಿನ ಈಜು ಉಡುಪು ಕೆಲವರಿಗೆ ಹಿತ. ಮಾತಿನ ಸೂಚನೆ ಒಂದು ಸಲಕ್ಕೆ ಒಂದೇ ಇರಲಿ. ಸೀಟಿ ಬೇಡ, ಕೈಸನ್ನೆ ಸಾಕು. ‘ಇನ್ನು ಮೂರು ಸಲ, ಆಮೇಲೆ ಮೇಲೆ’ ಎಂದು ಹೇಳಿದರೆ ಮೂರಕ್ಕೇ ನಿಲ್ಲಿಸಬೇಕು. ನಾಲ್ಕನೆಯದನ್ನು ಮಾಡಿಸಿದ ಕೋಚ್ ನಂಬಿಕೆ ಕಳೆದುಕೊಳ್ಳುತ್ತಾರೆ.

ಕಲಿಸುವ ಕ್ರಮಗಳಲ್ಲಿ ಹೆಚ್ಚು ಪರಿಚಿತವಾದದ್ದು ಹ್ಯಾಲಿವಿಕ್ ಪದ್ಧತಿ. ದ್ರವಚಲನೆ ಬಲ್ಲ ಎಂಜಿನಿಯರ್ ಜೇಮ್ಸ್ ಮ್ಯಾಕ್‌ಮಿಲನ್ 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯಲ್ಲಿ, ದೈಹಿಕ ನ್ಯೂನತೆಯಿದ್ದ ಹುಡುಗಿಯರಿಗಾಗಿ ಇದನ್ನು ರೂಪಿಸಿದರು. ಇದರಲ್ಲಿ ಈಜುಬೀಸು ಬರುವುದು ಹತ್ತು ಹಂತಗಳ ಕೊನೆಗೆ. ಮೊದಲು ನೀರಿಗೆ ಮನಸ್ಸು ಹೊಂದಬೇಕು, ಅಂದರೆ ಮುಖ್ಯವಾಗಿ ನೀರಿನೊಳಗೆ ಉಸಿರು ಬಿಡುವುದನ್ನು ಕಲಿಯಬೇಕು. ಆಮೇಲೆ ದೇಹ ಹೊರಳಿದಾಗ ಅದನ್ನು ಮತ್ತೆ ಹಿಡಿತಕ್ಕೆ ತಂದುಕೊಳ್ಳುವುದು, ಅಲುಗದೆ ತೇಲುವುದು. ಒಂದು ಮಗುವಿಗೆ ಒಬ್ಬ ಸಹಾಯಕ, ತೇಲುಸಾಧನ ಇಲ್ಲವೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ ಬಾವಿಗಿಳಿಸುವ ರೂಢಿ ಇದಕ್ಕೆ ತೀರ ವಿರುದ್ಧ. ಎಲ್ಲರಿಗೂ ನಡೆದುಬಂದ ಆ ದಾರಿ ಈ ಮಕ್ಕಳಿಗೆ ಅಷ್ಟು ಸರಿಹೋಗುವುದಿಲ್ಲ. ಬುರುಡೆ ತೇಲಿಸುತ್ತಿದೆಯೋ ತಾನೇ ತೇಲುತ್ತಿದ್ದೇನೋ ಎಂಬುದು ದೇಹಕ್ಕೆ ತಿಳಿಯದೆ ಉಳಿಯುತ್ತದೆ, ತನ್ನ ದೇಹದ ಸುದ್ದಿಯೇ ಮಸುಕಾಗಿರುವವರಿಗೆ ಅದು ಇನ್ನಷ್ಟು ಗೊಂದಲ.

ಈಜು ಕಲಿಸಲು ಮೇಲಿನ ಯಾವ ಕಾರಣವೂ ಇಲ್ಲದಿದ್ದರೂ ಕೊನೆಯದೊಂದು ಸಾಕು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಟಿಸಂ ಇರುವ 14 ವರ್ಷದವರೆಗಿನ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಾಧ್ಯತೆ ಉಳಿದ ಮಕ್ಕಳಿಗಿಂತ 160 ಪಟ್ಟು ಹೆಚ್ಚು. 2012ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಇಂಥ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ 4 ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಯಾರಿಗೂ ಹೇಳದೆ ಹೊರಟುಹೋಗಲು ಯತ್ನಿಸಿದ್ದರು. ನೀರಿನ ಸೆಳೆತ ಮತ್ತು ಅಪಾಯದ ಅರಿವಿಲ್ಲದಿರುವುದು ಎರಡೂ ಸೇರುವುದು ಇಲ್ಲಿಯೇ. ಕರ್ನಾಟಕದಲ್ಲಿ ಕೆರೆ, ತೆರೆದ ಬಾವಿ, ಕಾಲುವೆಗಳ ಜೊತೆಗೆ ಕಳೆದ ಒಂದು ದಶಕದಲ್ಲಿ ಕೃಷಿ ಹೊಂಡಗಳೂ ಬಂದಿವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಅವುಗಳ ಜಾರು ಗೋಡೆಯನ್ನು ಹತ್ತಿ ಬರುವುದು ಈಜು ಬಲ್ಲ ದೊಡ್ಡವರಿಗೂ ಕಷ್ಟ. ಆದ್ದರಿಂದ ಮಗು ಕೊಳದಲ್ಲಿ ಕಲಿಯಬೇಕಾದ ಮೊದಲ ವಿದ್ಯೆ ಫ್ರೀಸ್ಟೈಲ್ ಅಲ್ಲ. ಆಕಸ್ಮಿಕವಾಗಿ ಬಿದ್ದರೆ ಅಂಗಾತ ತಿರುಗಿ ತೇಲುವುದು, ಗೋಡೆ ಹಿಡಿದು ಮೆಟ್ಟಿಲಿನ ಕಡೆ ಸರಿಯುವುದು, ಹೇಳದೆ ನೀರಿಗಿಳಿಯದಿರುವುದು ಮೊದಲು ಬರಬೇಕು. ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗ ಹೆಚ್ಚಾಗಿ ಕಾಣಿಸುವುದರಿಂದ, ಫಿಟ್ಸ್ ಬಂದದ್ದುಂಟಾದರೆ ವೈದ್ಯರನ್ನು ಕೇಳಿಯೇ ಸೇರಿಸಬೇಕು, ಕೋಚ್‌ಗೂ ತಿಳಿಸಿರಬೇಕು. ಈಜು ಬಂದರೂ ಕಾವಲು ತಪ್ಪಿಸುವಂತಿಲ್ಲ: ಮಗು ನೀರಿನಲ್ಲಿರುವಷ್ಟು ಹೊತ್ತು, ಫೋನ್ ಬದಿಗಿಟ್ಟ ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲಿರಬೇಕು.